ಕಲ್ಲು ಒಡೆಯಲು ಅನುಮತಿ ಬೇಕು, ಫ್ಯಾನಿಗೆ ಬೇಡ

ಗಾಳಿ ವಿದ್ಯುತ್ತಿನ ಫ್ಯಾನಿನ ಬಿಳಿ ರೆಕ್ಕೆ ಹೊತ್ತ ಉದ್ದನೆಯ ಲಾರಿ ಕೊಟ್ಟೂರು ಸೀಮೆಯ ಹಳ್ಳಿಯೊಂದರ ತಿರುವಿಗೆ ಬಂದರೆ ಊರಿಗೆ ಊರೇ ನೋಡಲು ಸೇರುತ್ತದೆ. ಒಬ್ಬ ಬಿದಿರುಗಳದಿಂದ ಕರೆಂಟಿನ ತಂತಿ ಎತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಹಿಂದಿನ ಗಾಲಿ ನೋಡುತ್ತಾ ‘ಬರ್ಲಿ, ಬರ್ಲಿ’ ಎನ್ನುತ್ತಾನೆ. ದಾರಿ ಸಾಲದ ಕಡೆ ಜೆಸಿಬಿ ಮೊದಲೇ ಬದು ಒಡೆದು ಗರಸು ಹರಡಿರುತ್ತದೆ. ಮುಂದಿನ ಮಳೆಗೆ ಆ ಗರಸಿನ ಏರಿಯೇ ನೀರಿಗೆ ಅಡ್ಡವಾಗಿ, ಮೇಲಿನ ಹೊಲದಲ್ಲಿ ಶೇಂಗಾ ಕೊಳೆತು, ಕೆಳಗಿನ ಹೊಲದ ಮಣ್ಣು ಕೊಚ್ಚಿಹೋದರೆ ಕೇಳುವುದು ಯಾರನ್ನು?

ಪರಿಸರ ಕಾನೂನನ್ನಂತೂ ಕೇಳುವಂತಿಲ್ಲ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪಟ್ಟಿಯಲ್ಲಿ ಗಣಿ, ಅಣೆಕಟ್ಟು, ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರ್ ದಾಟಿದ ಕಟ್ಟಡ ಎಲ್ಲವೂ ಇವೆ. ಗಾಳಿ ವಿದ್ಯುತ್ತಿನ ಹೆಸರಿಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ‘ಬಿಳಿ’ ವರ್ಗಕ್ಕೆ ಸೇರಿಸಿದ ಮೇಲೆ ಮಂಡಳಿಯ ಸಮ್ಮತಿಯೂ ಬೇಕಿಲ್ಲ, ಮಾಹಿತಿ ಕೊಟ್ಟರಾಯಿತು. ಅರಣ್ಯ ಭೂಮಿಯಾದರೆ 1980ರ ಕಾಯ್ದೆಯ ತಡೆಯಿದೆ. ರೈತನ ಹೊಲವಾದರೆ ಅದೂ ಇಲ್ಲ.

ತಮಾಷೆಯೆಂದರೆ, ಅದೇ ಸೀಮೆಯ ಗುಡ್ಡದ ಮಗ್ಗುಲಲ್ಲಿ ಎರಡೆಕರೆ ಕಲ್ಲು ಗಣಿ ಗುತ್ತಿಗೆ ಪಡೆಯುವವನಿಗೆ ಪರಿಸರ ಅನುಮತಿ ಕಡ್ಡಾಯ. 5 ಹೆಕ್ಟೇರಿಗಿಂತ ಚಿಕ್ಕ ಗಣಿಯೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿಯಾಗಿಯೇ ಹೇಳಿತು.

ಗಾಳಿ ವಿದ್ಯುತ್ ಬೇಡವೆನ್ನುವ ವಾದವಲ್ಲ ಇದು. ಕುಡತಿನಿಯಲ್ಲಿ ಕಲ್ಲಿದ್ದಲು ಸುಡುವುದಕ್ಕಿಂತ ಹರಪನಹಳ್ಳಿ, ಹಡಗಲಿಯ ದಿಬ್ಬಗಳ ಮೇಲೆ ಫ್ಯಾನು ತಿರುಗುವುದು ಮೇಲು. ಆದರೆ ಹೊಗೆಯಿಲ್ಲದ ಮಾತ್ರಕ್ಕೆ ಎಲ್ಲಿ ಬೇಕಾದರೂ ನೆಡಬಹುದೆ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವನ್ನೇ ನೋಡಿ. ನೀರಾವರಿಗೆಂದು ಕಟ್ಟಿದ, ನೂರು ಹೆಕ್ಟೇರೂ ತುಂಬದ ಕೆರೆ. ನೀರಿನಲ್ಲಿ ನಿಂತ ಜಾಲಿಮರಗಳಲ್ಲಿ ಸಾವಿರಗಟ್ಟಲೆ ಬಣ್ಣದ ಕೊಕ್ಕರೆಗಳು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಗದಗದ ಮಾಗಡಿ ಕೆರೆಗಳ ಜತೆ ಇದಕ್ಕೂ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ರಾಮ್ಸರ್ ಮಾನ್ಯತೆ ದಕ್ಕಿತು. ಕೊಕ್ಕರೆ ಕೆರೆಯ ಗಡಿಕಲ್ಲು ನೋಡಿ ಹಾರುವುದಿಲ್ಲ. ಮರಿಗೆ ಮೀನು ತರಲು ಸುತ್ತಲ ಕೆರೆ, ತುಂಗಭದ್ರಾ ಹಿನ್ನೀರು ಎಲ್ಲವೂ ಬೇಕು. ಅದು ಹೋಗಿಬರುವ ದಾರಿಯಲ್ಲಿ ಫ್ಯಾನುಗಳ ಸಾಲು ಬರಬೇಕೋ ಬೇಡವೋ ಎಂದು ಮೊದಲೇ ನೋಡುವುದು ಯಾರ ಕೆಲಸವೂ ಅಲ್ಲದಂತಾಗಿದೆ. ಗುಡೇಕೋಟೆ ಕರಡಿಧಾಮದ ಕರಡಿಗಳ ಪಾಡೂ ಬೇರೆಯಲ್ಲ, ರಾತ್ರಿಯಾದರೆ ಅವೂ ಧಾಮದ ಗೆರೆ ದಾಟುತ್ತವೆ.

ಇಂಗ್ಲೆಂಡಿನಲ್ಲಿ ಎರಡಕ್ಕಿಂತ ಹೆಚ್ಚು ಗಾಳಿಯಂತ್ರ ನೆಡುವುದಾದರೆ, ಅಥವಾ ಕಂಬದ ಎತ್ತರ 15 ಮೀಟರ್ ದಾಟುವುದಾದರೆ, ಪರಿಸರ ಮೌಲ್ಯಮಾಪನ ಬೇಕೋ ಬೇಡವೋ ಎಂದು ಸ್ಥಳೀಯ ಯೋಜನಾ ಪ್ರಾಧಿಕಾರ ಮೊದಲು ಜರಡಿ ಹಿಡಿಯುತ್ತದೆ. ಬೇಡವೆನಿಸಿದರೆ ಅಷ್ಟಕ್ಕೇ ಮುಗಿಯಿತು. ನಮ್ಮಲ್ಲಿಯ ಫ್ಯಾನುಗಳು ಹತ್ತಾರು ಅಂತಸ್ತಿನ ಎತ್ತರಕ್ಕೆ ಬೆಳೆದಿವೆ, ಜರಡಿ ಮಾತ್ರ ಇಲ್ಲ. ವರ್ಷಗಟ್ಟಲೆ ಹಿಡಿಯುವ ಅಧ್ಯಯನವೇ ಬೇಕೆಂದಿಲ್ಲ. ಯೋಜನೆಯ ಅರ್ಜಿಯ ಜತೆ ನಾಲ್ಕು ಪುಟದ ವರದಿ, ಅದರ ಮೇಲೆ ಒಂದು ಗ್ರಾಮಸಭೆ ಕಡ್ಡಾಯವಾದರೆ ಅರ್ಧ ಜಗಳ ಅಲ್ಲೇ ಮುಗಿದೀತು.

ವರದಿ ಕನ್ನಡದಲ್ಲಿರಬೇಕು. ಈಗ ಆಲಿಕೆ ಸಭೆ ನಡೆಯುವ ಯೋಜನೆಗಳಲ್ಲೂ ಕನ್ನಡದಲ್ಲಿ ಸಿಗುವುದು ಸಾರಾಂಶ. ನೂರಾರು ಪುಟದ ಮೂಲ ವರದಿ ಇಂಗ್ಲಿಷಿನಲ್ಲೇ ಉಳಿಯುತ್ತದೆ. 2020ರಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಹೊಸ ಕರಡು ಕನ್ನಡದಲ್ಲಿ ಪ್ರಚಾರವಾಗಿಲ್ಲವೆಂಬ ತಕರಾರು ಹೈಕೋರ್ಟಿನವರೆಗೆ ಹೋಯಿತು, ಅಂತಿಮ ಅಧಿಸೂಚನೆಗೆ ತಡೆಯೂ ಬಂತು. ಕೂಡ್ಲಿಗಿ ಸಂತೆಗೆ ಹುಣಸೆಹಣ್ಣು ತರುವ ರೈತನಿಗೆ ಕೊಕ್ಕರೆಯ ಹಾದಿಯೂ ಗೊತ್ತು, ಹಳ್ಳದ ಹಾದಿಯೂ ಗೊತ್ತು. ‘ಈ ಗರಸಿನ ದಾರಿ ಎಷ್ಟು ಹಳ್ಳ ದಾಟುತ್ತದೆ, ಎಲ್ಲೆಲ್ಲಿ ಪೈಪು ಹಾಕುತ್ತೀರಿ?’ ಎಂದು ಅವನು ಕೇಳಬೇಕಾದದ್ದು ಲಾರಿ ಊರ ತಿರುವಿಗೆ ಬರುವುದಕ್ಕೆ ಮುಂಚೆ.