ತಿದ್ದಿಕೊಳ್ಳಲು ಅವನಿಗೆ ಅವಕಾಶ, ನೊಂದವರಿಗೆ?

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಬೇಲಿಯ ವಿಷಯಕ್ಕೆ ಜಗಳವಾಗಿ ನೆರೆಮನೆಯ ಯುವಕನೊಬ್ಬ ನಿಮ್ಮ ತಮ್ಮನ ಕೈ ಮುರಿದ. ಕೇಸು ನಡೆಯಿತು, ತಪ್ಪು ಸಾಬೀತಾಯಿತು. ಆದರೆ ನ್ಯಾಯಾಲಯ ಅವನನ್ನು ಜೈಲಿಗೆ ಕಳುಹಿಸಲಿಲ್ಲ. ಸನ್ನಡತೆಯಿಂದ ಇರುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳುಹಿಸಿತು. ಮರುದಿನ ಅವನು ಅದೇ ಬೀದಿಯಲ್ಲಿ ನಡೆದು ಹೋಗುತ್ತಾನೆ. ‘ನಮಗೆ ನ್ಯಾಯವೇ ಸಿಗಲಿಲ್ಲ’ ಎಂದು ನಿಮ್ಮ ತಾಯಿ ಕಣ್ಣೊರೆಸಿಕೊಳ್ಳುತ್ತಾರೆ. ಆ ತಾಯಿಗೆ ನೀವು ಏನು ಹೇಳುವಿರಿ?

ಮೊದಲು ಕಾನೂನಿನ ಉದ್ದೇಶವನ್ನು ತಿಳಿಯೋಣ. ನಮ್ಮ ದೇಶದಲ್ಲಿ 1958ರಿಂದ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಇದೆ. ಪ್ರೊಬೇಷನ್ ಎಂದು ಜನ ಹೇಳುವುದು ಇದನ್ನೇ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಉಳಿದವುಗಳಲ್ಲಿ ಅಪರಾಧದ ಸ್ವರೂಪವನ್ನೂ ಅಪರಾಧಿಯ ನಡತೆಯನ್ನೂ ನೋಡಿ ನ್ಯಾಯಾಲಯ ಮೂರು ವರ್ಷಗಳವರೆಗಿನ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಬಹುದು. ಇಪ್ಪತ್ತೊಂದು ತುಂಬದ ಯುವಕನನ್ನು ಜೈಲಿಗೆ ಹಾಕುವ ಮುನ್ನ ಅದಕ್ಕೆ ಕಾರಣವನ್ನೇ ಬರೆಯಬೇಕಾಗುತ್ತದೆ. ಮೊದಲ ಸಲ ಎಡವಿದವನು ಜೈಲಿನ ಸಹವಾಸದಿಂದ ಇನ್ನಷ್ಟು ಕೆಡಬಾರದೆಂಬುದು ಇದರ ಆಶಯ. ಆಶಯ ಒಳ್ಳೆಯದೇ. ಅದನ್ನು ನಾವು ವಿರೋಧಿಸಬೇಕಾಗಿಲ್ಲ.

ಆದರೆ ನೊಂದವರ ಗತಿಯೇನು? ಅಪರಾಧಿಗೆ ಸಲಹೆ ನೀಡಲು, ಕೆಲಸ ಹುಡುಕಿಕೊಡಲು ಪರಿವೀಕ್ಷಣಾಧಿಕಾರಿ ಇದ್ದಾರೆ. ಅವರ ವರದಿ ಗೌಪ್ಯ. ನ್ಯಾಯಾಲಯ ಬಯಸಿದರೆ ಅದರ ಸಾರಾಂಶವನ್ನು ಅಪರಾಧಿಗೆ ತಿಳಿಸಬಹುದೆಂದು ಕಾಯಿದೆ ಹೇಳುತ್ತದೆ. ಏಟು ತಿಂದವರ ಹೆಸರೇ ಅಲ್ಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರೊಬೇಷನ್ ಇಲಾಖೆಯಲ್ಲೇ ಸಂತ್ರಸ್ತರಿಗಾಗಿ ಬೇರೆ ಅಧಿಕಾರಿಗಳಿದ್ದಾರೆ. ಹಿಂಸೆ ಅಥವಾ ಲೈಂಗಿಕ ಅಪರಾಧಕ್ಕೆ 12 ತಿಂಗಳು ಅಥವಾ ಹೆಚ್ಚು ಜೈಲಾದ ಪ್ರಕರಣಗಳಲ್ಲಿ, ಸಂತ್ರಸ್ತರು ಬಯಸಿದರೆ, ಬಿಡುಗಡೆಯ ವಿಷಯವನ್ನು ಅವರಿಗೆ ತಿಳಿಸಲಾಗುತ್ತದೆ. ‘ನಮ್ಮ ಬಳಿ ಬರಬಾರದು’ ಎಂಬ ಷರತ್ತನ್ನೂ ಅವರು ಕೋರಬಹುದು. ನಮ್ಮ ಕಾಯಿದೆಯಲ್ಲಿ ಅಂಥ ಅಧಿಕಾರಿ ಇಲ್ಲ. ಹಾಗಾಗಿ ಇಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕು. ಕೇಳಲು ದಾರಿಗಳಿವೆ.

ಒಂದು, ಪರಿಹಾರ. ಇದೇ ಕಾಯಿದೆಯ 5ನೆಯ ಸೆಕ್ಷನ್ ಪ್ರಕಾರ, ಅಪರಾಧಿಯನ್ನು ಬಿಡುವಾಗಲೇ ನೊಂದವರಿಗೆ ಪರಿಹಾರ ಕೊಡುವಂತೆ ನ್ಯಾಯಾಲಯ ಆದೇಶಿಸಬಹುದು. ಕೊಡದಿದ್ದರೆ ದಂಡದಂತೆ ವಸೂಲಿ ಮಾಡಬಹುದು. ಆದರೆ ಆ ಆದೇಶ ಬಿಡುಗಡೆಯ ಜೊತೆಗೇ ಆಗಬೇಕು. ಆದ್ದರಿಂದ ಆಸ್ಪತ್ರೆಯ ಬಿಲ್ಲು, ಔಷಧಿಯ ಚೀಟಿ, ಕೆಲಸ ತಪ್ಪಿದ ದಿನಗಳ ಲೆಕ್ಕ ಎಲ್ಲವನ್ನೂ ಜೋಪಾನವಾಗಿಟ್ಟು, ತೀರ್ಪಿಗೆ ಮುಂಚೆಯೇ ಸರಕಾರಿ ವಕೀಲರ ಕೈಗೆ ಕೊಡಿ. ಪರಿಹಾರ ಕಡಿಮೆಯಾಯಿತೆಂದು ಮೇಲ್ಮನವಿ ಸಲ್ಲಿಸುವ ಹಕ್ಕು 2009ರ ಕೊನೆಯಿಂದ ನೊಂದವರಿಗೂ ಇದೆ.

ಎರಡು, ಷರತ್ತು. ಪರಿವೀಕ್ಷಣೆಯ ಆದೇಶದಲ್ಲಿ ವಾಸಸ್ಥಳ, ಮದ್ಯ ಸೇವನೆ ಮುಂತಾದವುಗಳ ಬಗ್ಗೆ ಷರತ್ತು ಹಾಕಬಹುದು. ನಿಮ್ಮ ಭಯವೇನೆಂದು ತಿಳಿದರೆ ತಾನೇ ನ್ಯಾಯಾಧೀಶರು ಅದನ್ನು ಗಮನಿಸುವುದು? ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಶಿಕ್ಷೆ ನಿರ್ಧರಿಸುವಾಗ ಸಂತ್ರಸ್ತರ ಹೇಳಿಕೆಯನ್ನೂ ಪರಿಗಣಿಸಬೇಕೆಂಬ ಅಭಿಪ್ರಾಯ ಕೊಟ್ಟಿದೆ.

ಮೂರು, ಷರತ್ತು ಮುರಿದಾಗಿನ ದೂರು. ಅವನು ಮತ್ತೆ ಬೆದರಿಸಿದರೆ ಸುಮ್ಮನಿರಬೇಡಿ. ಅಧಿಕಾರಿಯ ವರದಿಯಿಂದಾಗಲಿ ಬೇರೆ ರೀತಿಯಲ್ಲಾಗಲಿ ವಿಷಯ ತಿಳಿದರೆ ನ್ಯಾಯಾಲಯ ಅವನನ್ನು ಕರೆಸಬಹುದು, ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು. ಮೊದಲ ಸಲವಾದರೆ 50 ರೂಪಾಯಿಯವರೆಗಿನ ದಂಡ ಹಾಕಿ ಬಿಡುವುದಕ್ಕೂ ಅವಕಾಶವಿದೆ! ಆದ್ದರಿಂದ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಪರಿವೀಕ್ಷಣಾಧಿಕಾರಿಗೂ ಒಂದು ಪ್ರತಿ ಮುಟ್ಟಿಸಿ.

ಅಪರಾಧಿಯೇ ಬಡವನಾಗಿದ್ದರೆ? ಸರಕಾರದ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಕರ್ನಾಟಕ 2011ರಲ್ಲೇ ಅದನ್ನು ರೂಪಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಸೆಕ್ಷನ್ ಇದಕ್ಕೆ ಆಧಾರ. ಅಪರಾಧಿ ಕೊಡುವ ಪರಿಹಾರ ಸಾಲದೆಂದು ಕಂಡರೆ ವಿಚಾರಣಾ ನ್ಯಾಯಾಲಯವು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಶಿಫಾರಸು ಮಾಡಬಹುದು. ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100.

ಕೊನೆಯದಾಗಿ ನೆರೆಹೊರೆಯವರಿಗೆ ಒಂದು ಮಾತು. ಹುಡುಗ ಮನೆಗೆ ಬಂದನೆಂದು ನಾಲ್ಕು ಜನ ಅವನ ಮನೆಗೆ ಹೋಗಿ ಬುದ್ಧಿ ಹೇಳಿ ಬರುತ್ತೇವೆ. ಆ ನಾಲ್ಕು ಜನರಲ್ಲಿ ಇಬ್ಬರಾದರೂ ಕೈ ಮುರಿದವನ ಮನೆಗೂ ಹೋಗಬೇಡವೇ? ‘ಆದದ್ದಾಯಿತು, ಮರೆತುಬಿಡಿ’ ಎಂದು ಆ ತಾಯಿಯನ್ನು ಒತ್ತಾಯಿಸಬೇಡಿ. ಕ್ಷಮಿಸುವುದು ಬಿಡುವುದು ಅವರಿಗೆ ಸೇರಿದ್ದು. ನಮ್ಮಿಂದಾಗುವುದು ಅರ್ಜಿ ಬರೆದುಕೊಡುವುದು, ಪ್ರಾಧಿಕಾರದ ಕಚೇರಿಗೆ ಜೊತೆಗೆ ಹೋಗುವುದು. ನಿಮ್ಮ ಬೀದಿಯಲ್ಲಿ ಅಂಥ ಮನೆಯಿದ್ದರೆ ಈ ವಾರವೇ ಒಮ್ಮೆ ಹೋಗಿ ವಿಚಾರಿಸಿ ಬನ್ನಿ.