ಕಡಕಡ ಎನ್ನುವ ಕಾರನ್ನು ಮಾರುವ ಮುನ್ನ

ಪುಣೆಯ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿ ದೀಪಾವಳಿಗೆ ಮುನ್ನ ಒಂದಿಬ್ಬರಾದರೂ ಹಳೆ ಕಾರು ಮಾರಾಟಕ್ಕೆ ಹಾಕುತ್ತಾರೆ. ‘ಎಂಜಿನ್ ಚೆನ್ನಾಗಿದೆ, ಎಸಿ ಚೆನ್ನಾಗಿದೆ, ಸ್ವಲ್ಪ ಸಸ್ಪೆನ್ಷನ್ ಕೆಲಸ ಇದೆ’ ಎಂದು ಬರೆದಿರುತ್ತಾರೆ. ಯಾಕೆ ಮಾರುತ್ತೀರಿ ಎಂದರೆ, ‘ವರ್ಕ್‌ಶಾಪ್‌ನವರು 45 ಸಾವಿರದ ಎಸ್ಟಿಮೇಟ್ ಕೊಟ್ಟಿದ್ದಾರೆ. ಕಾರಿಗೇ ಒಂದೂವರೆ ಲಕ್ಷ ಹುಟ್ಟುವುದಿಲ್ಲ, ಅದರ ಮೇಲೆ ಇಷ್ಟು ಯಾಕೆ ಸುರಿಯಬೇಕು?’

ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ರಿಪೇರಿ ಖರ್ಚನ್ನು ಹೋಲಿಸಬೇಕಾದದ್ದು ಹಳೆ ಕಾರಿನ ಬೆಲೆಯೊಂದಿಗಲ್ಲ, ಅದನ್ನು ಮಾರಿದ ಮೇಲೆ ಕಟ್ಟಬೇಕಾಗುವ ಹೊಸ ಕಂತಿನೊಂದಿಗೆ. ಎಂಟು ಲಕ್ಷದ ಸಾಲಕ್ಕೆ ಶೇ 9ರ ಬಡ್ಡಿ, ಐದು ವರ್ಷದ ಅವಧಿ ಎಂದಿಟ್ಟುಕೊಂಡರೂ ತಿಂಗಳಿಗೆ 16,600 ರೂಪಾಯಿ. 45 ಸಾವಿರ ಎಂದರೆ ಮೂರು ಕಂತೂ ಆಗಲಿಲ್ಲ. ಮನೆ ಸಾಲ, ಮಕ್ಕಳ ಶಾಲೆ ಫೀಸು, ಊರಿಗೆ ಕಳಿಸುವ ದುಡ್ಡು ಎಲ್ಲ ಇರುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಆ 45 ಸಾವಿರವೂ ಪ್ರಶ್ನಿಸಬೇಕಾದ ಅಂಕಿಯೇ. ನನ್ನದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲಕ್ಷ ಕಿ.ಮೀ. ದಾಟಿದೆ. ಸಣ್ಣ ಉಬ್ಬಿನ ಮೇಲೂ ಕಡಕಡ ಎನ್ನತೊಡಗಿದಾಗ ಒಂದು ವರ್ಕ್‌ಶಾಪ್‌ನಲ್ಲಿ ಸಿಕ್ಕ ಸಲಹೆ, ‘ಪೂರಾ ಸೆಟ್ ಬದಲ್ ದೋ ಸಾಬ್.’ ಆಫೀಸಿನಲ್ಲಿ ಒಂದು ಬಗ್‌ಗಾಗಿ ಇಡೀ ಸಾಫ್ಟ್‌ವೇರ್ ಹೊಸದಾಗಿ ಬರೆಯೋಣ ಎಂದರೆ ಮ್ಯಾನೇಜರ್ ಏನನ್ನುತ್ತಾರೋ ಅದನ್ನೇ ನಾನೂ ಅಂದೆ: ಯಾವುದು ಸವೆದಿದೆ, ತೋರಿಸಿ.

ಇನ್ನೊಂದು ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತಿ, ಕಬ್ಬಿಣದ ಸಲಾಕೆಯಿಂದ ಒಂದೊಂದೇ ಜೋಡಣೆಯನ್ನು ಮೀಟಿ ತೋರಿಸಿದರು. ಮುಂದಿನ ಎರಡೂ ಲಿಂಕ್ ರಾಡ್ ಸಡಿಲ. ಎಡಗಡೆ ಲೋವರ್ ಆರ್ಮ್‌ನ ರಬ್ಬರ್ ಬುಶ್ ಹರಿದಿದೆ, ಅದರ ಬಾಲ್ ಜಾಯಿಂಟ್ ಅಲ್ಲಾಡುತ್ತಿದೆ. ಶಾಕ್ ಅಬ್ಸಾರ್ಬರ್‌ಗಳಲ್ಲಿ ಎಣ್ಣೆ ಸೋರಿಕೆಯಿಲ್ಲ. ಬಾನೆಟ್ ಒತ್ತಿಬಿಟ್ಟರೆ ಕಾರು ಒಮ್ಮೆ ಎದ್ದು ನಿಲ್ಲುತ್ತದೆ, ತೂಗಾಡುವುದಿಲ್ಲ. ಎಸ್ಟಿಮೇಟ್‌ನಲ್ಲಿ ಅತಿ ಹೆಚ್ಚು ದುಡ್ಡಿದ್ದದ್ದು ಇದೇ ಶಾಕ್ ಅಬ್ಸಾರ್ಬರ್‌ಗಳಿಗೆ. ಕೆಲಸ ಮೂರನೇ ಒಂದು ಭಾಗದಲ್ಲಿ ಮುಗಿಯಿತು.

ಹಾಗೆಂದು ಜಿಪುಣತನವೂ ಬೇಡ. ಲೋವರ್ ಆರ್ಮ್, ಶಾಕ್ ಅಬ್ಸಾರ್ಬರ್ ಹಾಕುವಾಗ ಎಡ-ಬಲ ಎರಡನ್ನೂ ಬದಲಿಸಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳತು ಇದ್ದರೆ ಜೋರಾಗಿ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು. ಸ್ಟ್ರಟ್ ಬಿಚ್ಚಿದರೆ ಅದರ ಮೇಲಿನ ಮೌಂಟ್, ಬೇರಿಂಗ್ ಕೂಡ ಆಗಲೇ ನೋಡಿಸಿಬಿಡಿ, ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ. ಕೊನೆಗೆ ವ್ಹೀಲ್ ಅಲೈನ್‌ಮೆಂಟ್. ಅದನ್ನು ಬಿಟ್ಟರೆ ಟೈರಿನ ಅಂಚು ತಿಂದುಹೋಗುತ್ತದೆ.

ಎಷ್ಟೋ ಕಡೆ ನಿರ್ಲಕ್ಷಿಸುವ ಸಂಗತಿ ಇನ್ನೊಂದಿದೆ. ಲೋವರ್ ಆರ್ಮ್ ಬುಶ್‌ನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿದುಬಿಡುತ್ತಾರೆ. ಕಾರು ಕೆಳಗಿಳಿದ ಕ್ಷಣದಿಂದ ಆ ರಬ್ಬರು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆಗ ಬೈಗುಳ ಪಾರ್ಟಿಗೆ. ಚಕ್ರದ ಮೇಲೆ ಕಾರಿನ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ ಕೊಡಿ ಎಂದು ಹೇಳಿ. ಮೆಕ್ಯಾನಿಕ್ ಮುಖ ಸಿಂಡರಿಸಿದರೂ ಚಿಂತೆಯಿಲ್ಲ, ನನ್ನ ಎದುರೂ ಸಿಂಡರಿಸಿದ್ದರು. ಜಾಬ್ ಕಾರ್ಡಿನಲ್ಲಿ ಬರೀ ‘ಸಸ್ಪೆನ್ಷನ್ ವರ್ಕ್’ ಎಂದಿದ್ದರೆ ಸಹಿ ಹಾಕಬೇಡಿ. ಒಂದೊಂದು ಪಾರ್ಟಿನ ಹೆಸರು, ಬೆಲೆ ಬರೆಯಲಿ. ತೆಗೆದ ಹಳೆಯದನ್ನು ಕೈಗೆ ಕೊಡಲಿ. 2025ರ ಸೆಪ್ಟೆಂಬರ್‌ನಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಮಾರುವುದೇ ಸರಿ ಎನ್ನುವ ಸಂದರ್ಭಗಳು ಇಲ್ಲವೆಂದಲ್ಲ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ನಿರ್ಬಂಧದ ಕತ್ತಿ ತೂಗುತ್ತಲೇ ಇದೆ. ಕೆಎ ನಂಬರಿನ ಕಾರು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ನಂಬರ್ ಪಡೆಯಬೇಕೆಂಬ ನಿಯಮವೂ ಇದೆ, ಅದಕ್ಕೆ ಎನ್‌ಒಸಿ, ತೆರಿಗೆಯ ಓಡಾಟ. ಚಾಸಿ ತುಕ್ಕು ಹಿಡಿದಿದ್ದರಂತೂ ಹೊಸ ಬುಶ್ ಹಾಕಿ ಪ್ರಯೋಜನವಿಲ್ಲ. ಇವೇ ಕಾರಣಗಳಾದರೆ ಮಾರಿ. ಬರೀ ಸದ್ದಿಗೆ ಹೆದರಿ ಬೇಡ.

ಲಿಂಕ್ ರಾಡಿನ ಸದ್ದನ್ನು ಮುಂದಿನ ಸಂಬಳದವರೆಗೆ ಸಹಿಸಬಹುದು. ಬಾಲ್ ಜಾಯಿಂಟ್ ಹಾಗಲ್ಲ. ಅದು ಕಳಚಿದರೆ ಚಕ್ರವೇ ಹೊರಕ್ಕೆ ವಾಲಿ, ಸ್ಟೀರಿಂಗ್ ಕೈಬಿಡುತ್ತದೆ. ಅದು ಸಡಿಲವಾಗಿದೆ ಎಂದು ಗೊತ್ತಿದ್ದೂ ಅಪ್ಪ-ಅಮ್ಮನನ್ನು ಹಿಂದೆ ಕೂರಿಸಿಕೊಂಡು ಖಂಬಾಟ್ಕಿ ಘಾಟ್ ಹತ್ತಲು ಹೊರಡಬೇಡಿ. ಹಬ್ಬದೊಳಗೆ ಪಾರ್ಟ್ ಸಿಗದಿದ್ದರೆ ಕಾರನ್ನು ಗ್ಯಾರೇಜಿನಲ್ಲೇ ಬಿಡಿ, ಹುಬ್ಬಳ್ಳಿಗೆ ರೈಲಿದೆ.