ಆಯಿಯ ಆಯಿಯ ಹೆಸರೇನು?

ಒಂದು ಸಣ್ಣ ಪರೀಕ್ಷೆ. ನಿಮ್ಮ ಅಪ್ಪನ ಅಪ್ಪನ ಅಪ್ಪನ ಹೆಸರು ಹೇಳಿ ನೋಡೋಣ. ಹಳ್ಳಿ ಮೂಲದವರು ತುಂಬಾ ಜನ ಥಟ್ಟನೆ ಹೇಳ್ತಾರೆ. ಸರಿ, ಈಗ ಅವ್ವನ ಅವ್ವನ ಅವ್ವನ ಹೆಸರು? ನಾನು ಕೇಳಿದ ಗೆಳೆಯರಲ್ಲಿ ಹತ್ತಕ್ಕೆ ಒಂಬತ್ತು ಜನ ಸುಮ್ಮನಾದರು. (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ, ಅದಕ್ಕೇ ಈ ತಲೆಬರಹ.)

ನನ್ನ ಊರು ಬಿಜ್ಜರಗಿ. ಮೊದಲು ವಿಜಯಪುರ ತಾಲ್ಲೂಕಿನಲ್ಲಿತ್ತು, ಈಗ ತಿಕೋಟಾ ತಾಲ್ಲೂಕು. ನಮ್ಮ ಭಾಗದಲ್ಲಿ ವಂಶದ ಲೆಕ್ಕ ಇಡೋಕೆ ಕಂಪ್ಯೂಟರ್ ಬರಬೇಕಾಗಿರಲಿಲ್ಲ, ಹೆಳವರಿದ್ದರು. ಮೂಲಪುರುಷ ಕಾಲಿಲ್ಲದವನಾಗಿದ್ದ, ಬಸವಣ್ಣ ಅವನಿಗೆ ಎತ್ತು ಕೊಟ್ಟ ಅನ್ನೋದು ಅವರ ಕಥೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಮನೆ ಮುಂದೆ ನಿಂತು, ಏಳೆಂಟು ತಲೆಮಾರು ಒಂದೇ ಉಸಿರಿಗೆ ಹೇಳಿಬಿಡ್ತಾರೆ. ಮೂಲ ಯಾವ ಊರು, ಯಾವ ಮನೆತನ, ಯಾರಿಗೆ ಎಷ್ಟು ಮಕ್ಕಳು... ಜೋಳ, ಬಟ್ಟೆ, ದಕ್ಷಿಣೆ ತಗೊಂಡು, ಹೊಸದಾಗಿ ಹುಟ್ಟಿದವರನ್ನ ಬರಕೊಂಡು ಮುಂದಿನ ಮನೆಗೆ ಹೋಗ್ತಾರೆ. ಇಂಥ ಡೇಟಾಬೇಸ್ ಬೇರೆಲ್ಲಿದೆ ಹೇಳಿ!

ಆದರೆ ನಮ್ಮ ಮನೆಯ ಹೊತ್ತಿಗೆ ಓದಿಸಿ ಕೇಳಿದರೆ ಉದ್ದಕ್ಕೂ ಗಂಡಸರೇ. ಹುಟ್ಟಿದ ಹೆಣ್ಣುಮಕ್ಕಳು ಬೇರೆ ಮನೆಗೆ ಹೋದರು ಅಂತ ಇಲ್ಲಿ ಬರೆದಿಲ್ಲ. ಬಂದ ಸೊಸೆಯರು ಬೇರೆ ಮನೆಯಿಂದ ಬಂದವರು ಅಂತ ಅವರನ್ನೂ ಬರೆದಿಲ್ಲ. ಹಾಗಾದರೆ ಅವರು ಯಾವ ಮನೆಯವರು ಸ್ವಾಮಿ?

ಈ ತಲೆನೋವು ನಮಗೆ ಮಾತ್ರ ಅಲ್ಲ. ನಮ್ಮ ಪ್ರಾಜೆಕ್ಟಿನ ಅಮೆರಿಕನ್ ಸಹೋದ್ಯೋಗಿಯೊಬ್ಬರು ಹತ್ತೊಂಬತ್ತನೇ ಶತಮಾನದ ತಮ್ಮ ಅಜ್ಜಿಯೊಬ್ಬಳ ತವರು ಹುಡುಕ್ತಿದ್ದಾರೆ. ಅಲ್ಲೂ ಮದುವೆ ಆದ ಕೂಡಲೇ ಅಡ್ಡಹೆಸರು ಬದಲಾಗಿ ಹೆಂಗಸು ಕಾಗದದಿಂದ ಮಾಯ. 1850ಕ್ಕಿಂತ ಮೊದಲಿನ ಅಲ್ಲಿನ ಜನಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ ಇರ್ತಿತ್ತು, ಉಳಿದವರೆಲ್ಲ ಬರೀ ಅಂಕಿ. 1850ರಿಂದ ಮನೆಯವರೆಲ್ಲರ ಹೆಸರು ಬರೆದರು, ಆದರೆ ಗುಲಾಮರನ್ನು ಬಿಟ್ಟು. ಗುಲಾಮಗಿರಿಯಿಂದ ಬಿಡುಗಡೆಯಾದವರೆಲ್ಲ ಹೆಸರಿನ ಸಮೇತ ಗಣತಿಗೆ ಸೇರಿದ್ದು 1870ರಲ್ಲಿ. 1890ರ ಗಣತಿಯ ಹಾಳೆಗಳಂತೂ 1921ರ ಬೆಂಕಿಯ ದೆಸೆಯಿಂದ ಹೆಚ್ಚುಕಡಿಮೆ ಪೂರ್ತಿ ಹೋದವು.

ಆದರೂ ಅವರಿಗೊಂದು ದಾರಿ ಉಳಿದಿದೆ. ಅಲ್ಲಿನ ಅಂತರ್ಯುದ್ಧದಲ್ಲಿ (1861-65) ಸತ್ತ ಸೈನಿಕರ ವಿಧವೆಯರಿಗೆ ಪಿಂಚಣಿ ಸಿಕ್ತಿತ್ತು. ಅದಕ್ಕೆ ಮದುವೆ ಆದದ್ದು ಯಾವಾಗ, ಎಲ್ಲಿ, ಮಕ್ಕಳು ಯಾರು ಅಂತ ಸಾಬೀತು ಮಾಡಬೇಕಿತ್ತು. ಕೆಲವರು ಮನೆಯ ಬೈಬಲ್ಲಿನಲ್ಲಿ ಮದುವೆ, ಹುಟ್ಟು ಬರೆದಿಟ್ಟ ಹಾಳೆಯನ್ನೇ ಹರಿದು ಕಳಿಸಿದ್ದಾರೆ! ಆ ಕಡತಗಳು ಇವತ್ತಿಗೂ ಇವೆ. ಅಂದರೆ ಸರಕಾರ ಹೆಣ್ಣಿಗೆ ದುಡ್ಡು ಕೊಡಬೇಕಾಗಿ ಬಂದಾಗ ಅವಳ ಹೆಸರೂ ಬೇಕಾಯ್ತು.

ನಮ್ಮಲ್ಲಿ? ಇಡೀ ದೇಶದಲ್ಲಿ ಒಟ್ಟಿಗೆ ಜನಗಣತಿ ಆದದ್ದು 1881ರಲ್ಲಿ. ಬ್ರಿಟಿಷರ ಕಾಲದ ಗಣತಿದಾರರಿಗೆ ಒಂದು ಸೂಚನೆ ಇತ್ತು: ಹೆಂಗಸಿನ ಹೆಸರು ಹೇಳೋಕೆ ಮನೆಯವರು ಒಪ್ಪದಿದ್ದರೆ ಬರೀ 'ಹೆಣ್ಣು' ಅಂತ ಬರೆದುಕೊಳ್ಳಿ. ಹಳೇ ಕಂದಾಯ ದಾಖಲೆ ನೋಡ್ತೀನಿ ಅಂದರೆ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಹೆಸರು ಕಲಾದಗಿ ಜಿಲ್ಲೆ, ಎಷ್ಟೋ ಕಾಗದ ಮೋಡಿ ಲಿಪಿಯಲ್ಲಿ. ನಮ್ಮೂರಿನ ಬೀಗತನವೆಲ್ಲ ಜತ್ತದ ಕಡೆ, ಅದು ಬೇರೆ ಸಂಸ್ಥಾನ, ಈಗ ಮಹಾರಾಷ್ಟ್ರ. ನಡುವೆ 1876-78ರ ಬರ ಊರೂರನ್ನೇ ಖಾಲಿ ಮಾಡಿತ್ತು.

ಹಾಗಂತ ಕುರುಹೇ ಇಲ್ಲ ಅಂತಲ್ಲ. ತೀರಿಕೊಂಡ ಆಯಿಯ ಹೆಸರನ್ನು ಮೊಮ್ಮಗಳಿಗೆ ಇಡೋದು ನಮ್ಮ ಪದ್ಧತಿ. ಹಾಗಾಗಿ ಒಂದು ತಲೆಮಾರು ಬಿಟ್ಟು ಇನ್ನೊಂದರಲ್ಲಿ ಅದೇ ಹೆಸರು ತಿರುಗಿ ಬರ್ತದೆ. ತವರಿನಿಂದ ಬಂದ ತಾಮ್ರದ ಕೊಡ, ಹಿತ್ತಾಳೆ ತಂಬಿಗೆ ಮೇಲೆ ಕೊಟ್ಟವರ ಹೆಸರು ಕೊರೆಸಿರ್ತಾರೆ. ಸೊಸೆಯನ್ನು 'ಜತ್ತದಾಕಿ', 'ತಿಕೋಟಾದಾಕಿ' ಅಂತ ತವರೂರಿನಿಂದಲೇ ಕರೀತಾರೆ. ಊರು ಉಳೀತದೆ, ಹೆಸರು ಹೋಗ್ತದೆ. ವಿಚಿತ್ರ ನೋಡಿ, ಒಡಪು ಕಟ್ಟಿ ಕಟ್ಟಿ ಗಂಡನ ಹೆಸರು ಹೇಳಿದಾಕೆಯ ಹೆಸರನ್ನೇ ನಾವು ಮರೆತಿದ್ದೀವಿ.

ಇದೆಲ್ಲ ಬರೀ ಹಳೇ ಕಾಲದ ಕುತೂಹಲ ಅನ್ಕೋಬೇಡಿ. ಕಳೆದ ವರ್ಷ ನಮ್ಮ ಹತ್ತಿರದ ಸಂಬಂಧಿಕರ ಮನೆಯಲ್ಲಿ ಹಿರಿಯರು ತೀರಿಕೊಂಡರು. ಹೊಲ ಮಕ್ಕಳ ಹೆಸರಿಗೆ ಮಾಡಿಸೋಕೆ ವಂಶಾವಳಿ ಬರೆದರು. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಕಾಗದದಲ್ಲಿ ಇದ್ದದ್ದು ಎರಡೇ ಹೆಸರು. ಕೇಳಿದರೆ "ಅವ್ರು ಕೊಟ್ಟ ಮನಿಗೆ ಹ್ವಾದವ್ರಲ್ಲಪ" ಅಂದರು. ಥೇಟ್ ಹೆಳವರ ಹೊತ್ತಿಗೆಯ ಮಾತು! ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದದ್ದು 2005ರಲ್ಲಿ. ಆಗ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು. ಅಕ್ಕತಂಗಿಯರು ಖುಷಿಯಿಂದ ಪಾಲು ಬಿಟ್ಟುಕೊಟ್ಟರೆ ಅದು ಅವರಿಷ್ಟ. ಆದರೆ ಬಿಟ್ಟುಕೊಡೋಕೂ ಮೊದಲು ಹೆಸರು ಇರಬೇಕಲ್ಲ?

ನನಗನ್ನಿಸೋದು ಇಷ್ಟೇ. ಹೆಂಗಸರ ಹೆಸರು ಕಳೆದುಹೋದದ್ದು ಮರೆವಿನಿಂದಲ್ಲ, ಬರೆಯೋ ಕಾರಣವೇ ಇಲ್ಲ ಅಂತ ನಾವು ತೀರ್ಮಾನ ಮಾಡಿದ್ದರಿಂದ. ಹೆಳವರನ್ನು ದೂರಿ ಏನು ಉಪಯೋಗ? ನಾವು ಹೇಳಿದ್ದನ್ನು ಅವರು ಬರಕೊಂಡರು.

ಹಾಗಾಗಿ ಈ ಸುಗ್ಗಿಗೆ ಹೆಳವರು ಬಂದರೆ ಮಗಳ ಹೆಸರು, ಸೊಸೆಯ ಹೆಸರು, ಅವಳ ತವರೂರು, ಅವಳ ಅವ್ವನ ಹೆಸರು ಎಲ್ಲ ಬರೆಸಿ. ನಾಲ್ಕು ಸೇರು ಜೋಳ ಜಾಸ್ತಿ ಹೋದರೆ ಹೋಗಲಿ. ಮನೆಯಲ್ಲಿ ವಂಶಾವಳಿ ಬರೆದರೆ ಸಹಿ ಹಾಕೋ ಮುಂಚೆ ಹೆಸರು ಎಣಿಸಿ. ಮತ್ತೆ ಇವತ್ತೇ ಮನೆಗೆ ಫೋನ್ ಮಾಡಿ ಕೇಳಿ, ಆಯಿಯ ಆಯಿಯ ಹೆಸರೇನು ಅಂತ. ಹೇಳೋ ಒಂದು ಜೀವ ಇನ್ನೂ ಇದ್ದರೆ ನೀವು ಪುಣ್ಯವಂತರು, ತಡ ಮಾಡಬೇಡಿ.